ಅಕ್ಕನ ತೆಂಕಲು, ಮೆಲ್ಬರ್ನಿನ ಬಿಸಿಲು

ವರ್ತೂರು

ಬಾಡಿಗೆಗಿದ್ದವರು ಮನೆ ಮಾಲೀಕರನ್ನು ವಿದೇಶಕ್ಕೆ ಕರೆಯುವುದನ್ನು ನಾನಂತೂ ಕೇಳಿದ್ದಿಲ್ಲ. ನಮ್ಮ ವರ್ತೂರಿನ ಮನೆಯ ಮೇಲಿನ ಮಹಡಿಯಲ್ಲಿ ವರ್ಷಗಟ್ಟಲೆ ಇದ್ದು ಆಮೇಲೆ ಮೆಲ್ಬರ್ನಿಗೆ ಹೋದ ಸ್ವಾತಿ ಫೋನು ಮಾಡಿ, ಒಂದು ಸಲ ಬರ್ರಿ ಆಂಟಿ, ನಮ್ಮನ್ಯಾಗೇ ಇರ್ರಿ ಅಂದಾಗ ನನಗೆ ಮೊದಲು ಬಂದ ಯೋಚನೆ, ಇವಳಿಗೆ ನನ್ನಿಂದ ಏನು ಬೇಕಾಗಿದೆ ಎಂಬುದು. ನೀರು ಬಿಡುವ ಹೊತ್ತಿನ ಬಗ್ಗೆ, ಗೇಟು ಹಾಕುವ ಬಗ್ಗೆ, ಗೋಡೆಗೆ ಮೊಳೆ ಹೊಡೆದದ್ದರ ಬಗ್ಗೆ ನಾನು ಅವಳಿಗೆ ಅಂದಿರುವ ಮಾತುಗಳನ್ನು ನೆನೆಸಿಕೊಂಡರೆ, ಅವಳು ನನ್ನ ನಂಬರನ್ನೇ ಬ್ಲಾಕ್ ಮಾಡಬೇಕಿತ್ತು. ದಾವಣಗೆರೆ ಕಡೆಯವರ ಮನಸ್ಸು ದೊಡ್ಡದು ಅನ್ನುತ್ತಾರೆ. ಇರಬಹುದು. ನಾನು ಬಹಳ ದಿನ ಯೋಚನೆ ಮಾಡಿ ಒಪ್ಪಿದೆ.

ಒಪ್ಪಿದ್ದಕ್ಕೆ ಕಾರಣ ನಮ್ಮಕ್ಕ ಜಯಮ್ಮ. ಅಕ್ಕನಿಗೆ ಅರವತ್ತು ದಾಟಿದೆ. ಕೆರೆಯ ಹಿಂದೆ ಉಳಿದಿರುವ ತುಂಡು ಜಮೀನಿನಲ್ಲಿ ದಂಟು, ಪಾಲಕ್, ಕೊತ್ತಂಬರಿ ಬೆಳೆದು, ಬೆಳಗ್ಗೆ ಸ್ಕೂಟರಿನಲ್ಲಿ ಹೇರಿಕೊಂಡು ಸುತ್ತಲಿನ ಅಪಾರ್ಟ್‌ಮೆಂಟುಗಳಿಗೆ ಕೊಟ್ಟು ಬರುತ್ತಾಳೆ. ನಮಗೆಲ್ಲ ಬಾಡಿಗೆ ಬರುತ್ತದೆ, ಸೊಪ್ಪು ಮಾರಿ ಬದುಕಬೇಕಾದ್ದೇನೂ ಇಲ್ಲ. ಆದರೆ ಆ ಸ್ಕೂಟರು ಹತ್ತದ ದಿನ ಅಕ್ಕ ಮಂಕಾಗಿ ಕೂತುಬಿಡುತ್ತಾಳೆ.

ಈ ಬೇಸಿಗೆಯಲ್ಲಿ ಒಂದು ದಿನ ಹಾಗೆ ಹೋದವಳು ಮಧ್ಯಾಹ್ನವಾದರೂ ಬರಲಿಲ್ಲ. ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು ಗುಂಜೂರಿನಾಚೆ, ಒಂದು ಬೇಕರಿಯ ಮುಂದೆ. ಹುಟ್ಟಿ ಬೆಳೆದ ಊರಿನಲ್ಲೇ ದಾರಿ ತಪ್ಪಿದ್ದಳು. ಅಕ್ಕನ ಮಗ ಮಂಜುನಾಥ ಅವತ್ತೇ ಸ್ಕೂಟರಿನ ಕೀಲಿ ಎತ್ತಿಟ್ಟ. ಅಕ್ಕನನ್ನೂ ಕರೆದುಕೊಂಡು ನಾನು ವಿಮಾನ ಹತ್ತುವ ದಿನ ಅದನ್ನು ತಂದು ನನ್ನ ಕೈಗೆ ಕೊಟ್ಟ.

"ಚಿಕ್ಕಮ್ಮ, ಅಮ್ಮನ ತಲೆ ಸರಿಯಾಗಿದ್ಯಾ ಇಲ್ವಾ ಅಂತ ಅಲ್ಲಿ ನೀವೇ ಜೊತೇಲಿದ್ದು ನೋಡಿ. ಬಂದ್ಮೇಲೆ ನೀವು ಕೊಡು ಅಂದ್ರೆ ಗಾಡಿ ಕೊಡ್ತೀನಿ. ಬೇಡ ಅಂದ್ರೆ ಮಾರ್ಬಿಡ್ತೀನಿ."

ಅನುಮಾನ ಪಡುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ಮನೆತನದಲ್ಲಿಲ್ಲ ಎಂದು ಅವನಿಗೆ ಗೊತ್ತು. ಅದಕ್ಕೇ ನನ್ನನ್ನು ಆರಿಸಿದ. ಕೀಲಿಯನ್ನು ಬ್ಯಾಗಿನ ಒಳಜೇಬಿಗೆ ಹಾಕಿಕೊಂಡೆ. ಹೀಗೆ ನನ್ನ ಮೊದಲ ವಿದೇಶ ಪ್ರವಾಸ ಊರು ನೋಡುವುದಕ್ಕಲ್ಲ, ಅಕ್ಕನನ್ನು ನೋಡುವುದಕ್ಕೆ ಶುರುವಾಯಿತು.

ವಿಮಾನ ನಿಲ್ದಾಣ

ತಪಾಸಣೆಯ ಹತ್ತಿರ ಬ್ಯಾಗಿನಲ್ಲಿದ್ದದ್ದನ್ನೆಲ್ಲ ತಟ್ಟೆಗೆ ಸುರಿಯಿರಿ ಎಂದರು. ಕೀಲಿ ಠಣ್ಣೆಂದು ಬಿತ್ತು. ನಾನು ತಕ್ಷಣ ಅದರ ಮೇಲೆ ಕರವಸ್ತ್ರ ಹಾಕಿದೆ. ಅಕ್ಕ ಹಿಂದೆ ನಿಂತು ಬಳೆ ತೆಗೆಯಬೇಕಾ ಎಂದು ಆ ಹುಡುಗಿಯನ್ನು ಕೇಳುತ್ತಿದ್ದಳು. ನೋಡಲಿಲ್ಲ ಅಂದುಕೊಂಡೆ.

ಮೆಲ್ಬರ್ನಿನಲ್ಲಿ ಇಳಿದ ಮೇಲೆ ಒಂದು ನಾಯಿ ಬಂತು. ಕಿವಿ ಜೋತುಬಿದ್ದ, ಮೈಗೆ ಅಂಗಿ ತೊಟ್ಟ ಸರ್ಕಾರಿ ನಾಯಿ. ಎಲ್ಲರ ಸಾಮಾನೂ ಮೂಸುತ್ತ ಬಂದು ಅಕ್ಕನ ಮುಂದೆ ಕೂತುಬಿಟ್ಟಿತು. ಅಧಿಕಾರಿಣಿ ಬಹಳ ಮರ್ಯಾದೆಯಿಂದ, ತಿನ್ನುವ ವಸ್ತು, ಗಿಡ, ಬೀಜ ಏನಾದರೂ ಇದೆಯೇ ಎಂದು ಕೇಳಿದಳು. ಇಷ್ಟು ಮರ್ಯಾದೆಯಿಂದ ಕೇಳುವವರನ್ನು ನಾನು ನಂಬುವುದಿಲ್ಲ. ಇಲ್ಲ ಎಂದು ನಾನೇ ಹೇಳಿದೆ, ಯಾಕೆಂದರೆ ಮನೆಯಲ್ಲಿ ಅಕ್ಕನನ್ನು ಹತ್ತು ಸಲ ಕೇಳಿದ್ದೆ. ಅಷ್ಟರಲ್ಲಿ ಅಕ್ಕ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ದಂಟಿನ ಬೀಜ ತೆಗೆದು ನಾಯಿಗೇ ತೋರಿಸಿದಳು. ಸ್ವಾತಿಗೆ ಅಂತ ತಂದಿದ್ದಳಂತೆ. ಅದನ್ನು ಕಿತ್ತುಕೊಂಡು, ನಮಗೆ ಒಂದಷ್ಟು ಬುದ್ಧಿವಾದ ಹೇಳಿ ಬಿಟ್ಟರು.

ಅಕ್ಕ ಮರೆತಿದ್ದಳೋ, ಬೇಕೆಂದೇ ಮುಚ್ಚಿಟ್ಟಿದ್ದಳೋ ತಿಳಿಯಲಿಲ್ಲ. ಎರಡೂ ಒಳ್ಳೆಯ ಲಕ್ಷಣವಲ್ಲ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಸ್ವಾತಿಯ ಮನೆ

ನಮ್ಮಲ್ಲಿ ಆಷಾಢ, ಅಲ್ಲಿ ನಡುಚಳಿಗಾಲ. ಸ್ವಾತಿಯ ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ನಾಲ್ಕನೇ ಮಹಡಿಯ ಸಣ್ಣ ಮನೆ. ನಮಗೆ ಬಿಟ್ಟುಕೊಟ್ಟ ಕೋಣೆಗೆ ಒಂದೇ ದೊಡ್ಡ ಕಿಟಕಿ, ನಾವು ಹೋದ ನಡುಮಧ್ಯಾಹ್ನ ಅದರ ತುಂಬ ಬಿಸಿಲು ಓರೆಯಾಗಿ ಬಿದ್ದಿತ್ತು.

ಎಲ್ಲಿಗೆ ಹೋದರೂ ಅಕ್ಕ ಮೊದಲು ಮಾಡುವ ಕೆಲಸ ದಿಕ್ಕು ಹಿಡಿಯುವುದು. ಎಡ, ಬಲ ಎಂಬ ಮಾತು ಅವಳ ಬಾಯಲ್ಲಿ ಬರುವುದೇ ಅಪರೂಪ. ಉಪ್ಪಿನ ಡಬ್ಬ ಬೇಕಾದರೆ ತೆಂಕಲ ಗೂಡಲ್ಲಿ ನೋಡು ಅನ್ನುತ್ತಾಳೆ, ಎಲೆಯ ಮೇಲೆ ಇರುವೆ ಹರಿದರೆ ಮೂಡಲ ಕಡೆ ಒರೆಸು ಅನ್ನುತ್ತಾಳೆ. ನಮ್ಮ ಅಜ್ಜಿಯೂ ಹಾಗೇ ಇದ್ದಳು. ನನಗೆ ಆ ವಿದ್ಯೆ ಹತ್ತಲಿಲ್ಲ. ನಾನು ಫೋನಿನಲ್ಲಿ ನೀಲಿ ಚುಕ್ಕೆ ನೋಡಿಕೊಂಡು ನಡೆಯುವವಳು, ಅದನ್ನೂ ಪೂರ್ತಿ ನಂಬದವಳು.

ಅಕ್ಕ ಕಿಟಕಿಯ ಹತ್ತಿರ ನಿಂತು ಒಂದು ಗಳಿಗೆ ಬಿಸಿಲು ನೋಡಿದಳು. ತಣ್ಣನೆ ಕಾಲದಲ್ಲಿ ಸೂರ್ಯ ತೆಂಕಲಿಗೆ ವಾಲಿರುತ್ತಾನೆ, ಸಂಕ್ರಾಂತಿ ಹೊತ್ತಿಗೆ ಹೊಲದಲ್ಲಿ ನಿಂತವರಿಗೆಲ್ಲ ಗೊತ್ತಿರುವ ಸಂಗತಿ. ಹಾಗಾಗಿ ಕಿಟಕಿ ತೆಂಕಲು ಎಂದು ತೀರ್ಮಾನವಾಯಿತು. ಬಡಗಲಿಗೆ ತಲೆ ಹಾಕಿ ಮಲಗಬಾರದು, ಅದು ಹೆಣ ಮಲಗಿಸುವ ದಿಕ್ಕು. ನಾವಿಬ್ಬರೂ ಸೇರಿ ಮಂಚಗಳನ್ನು ದರದರ ಎಳೆದು ದಿಂಬುಗಳನ್ನು ಕಿಟಕಿಯ ಕಡೆ ಇಟ್ಟೆವು. ಸ್ವಾತಿ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅವಳು ಮಂಚ ಎಳೆದಾಗ ನೆಲಕ್ಕೆ ಗೀರು ಬೀಳುತ್ತದೆ ಎಂದು ನಾನು ಕೆಳಗಿನಿಂದ ಕೂಗುತ್ತಿದ್ದೆ.

ಟ್ರಾಮ್ ಸ್ಟಾಪು, ಹೊಳೆ ದಂಡೆ

ಎರಡು ದಿನ ಮೋಡ. ಊರು ನೋಡಿದೆವು ಅನ್ನಬೇಕು, ನೋಡಲು ಜನ ಇರಲಿಲ್ಲ. ಮನೆಯ ಮುಂದೆ ಯಾರೂ ಕೂರುವುದಿಲ್ಲ. ಎದುರು ಸಿಕ್ಕವರು ನಗುತ್ತಾರೆ, ಆದರೆ ಯಾವೂರು ಎಂದು ಕೇಳುವುದಿಲ್ಲ. ರಸ್ತೆ ದಾಟುವಲ್ಲಿ ಕಂಬಕ್ಕೊಂದು ಗುಂಡಿ ಇದೆ, ಒತ್ತಿದರೆ ಟಿಕ್ ಟಿಕ್ ಅನ್ನುತ್ತದೆ, ವಾಹನಗಳು ನಿಲ್ಲುತ್ತವೆ. ಅದಕ್ಕೆ ನಿಜವಾಗಿ ತಂತಿ ಕೊಟ್ಟಿದ್ದಾರೋ, ಜನರ ಸಮಾಧಾನಕ್ಕೆ ಇಟ್ಟಿದ್ದಾರೋ ಎಂದು ನನಗೆ ಕೊನೆಯವರೆಗೂ ಅನುಮಾನ. ಅಕ್ಕ ಮಾತ್ರ ದಾಟುವುದಿಲ್ಲದಿದ್ದರೂ ಒತ್ತುತ್ತಿದ್ದಳು.

ಎರಡನೆಯ ದಿನ ನಾವಿಬ್ಬರೇ ಪೇಟೆಗೆ ಹೋದೆವು. ಬರುವಾಗ ದಕ್ಷಿಣದ ಕಡೆ ಹೋಗುವ ಟ್ರಾಮು ಹತ್ತಿ ಎಂದು ಸ್ವಾತಿ ಹೇಳಿದ್ದಳು. ನನ್ನ ಫೋನು ಚಳಿಗೆ ಸತ್ತಿತ್ತು. ಅಕ್ಕ ಕೈ ಹಿಡಿದು ರಸ್ತೆ ದಾಟಿಸಿ, ಇದೇ ತೆಂಕಲು ಎಂದು ಒಂದು ಟ್ರಾಮು ಹತ್ತಿಸಿದಳು. ನಾವು ಇಳಿದದ್ದು ಅದರ ಕೊನೆಯ ನಿಲ್ದಾಣದಲ್ಲಿ, ಮನೆಗೆ ಪೂರ್ತಿ ಉಲ್ಟಾ ದಿಕ್ಕಿನಲ್ಲಿ. ಡ್ರೈವರಮ್ಮ ಅದೇ ಗಾಡಿಯಲ್ಲಿ ನಮ್ಮನ್ನು ವಾಪಸ್ ಕರೆತಂದಳು. ದಾರಿಯುದ್ದಕ್ಕೂ ಅಕ್ಕ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದಳು. ನಾನು ಬ್ಯಾಗಿನ ಒಳಜೇಬನ್ನು ಮುಟ್ಟಿ ನೋಡಿಕೊಂಡೆ.

ಮಾರನೇ ಬೆಳಗ್ಗೆ ಮೋಡ ಹರಿಯಿತು. ಮನೆಯ ಹತ್ತಿರದ ಹೊಳೆ ದಂಡೆಯಲ್ಲಿ ನಡೆಯುತ್ತಿದ್ದೆವು. ನಾಯಿಗಳು ಜನರನ್ನು ಓಡಿಸುತ್ತಿದ್ದವು. ಮರಗಳ ಸಂದಿಯಿಂದ ಸೂರ್ಯ ಮೇಲೆ ಬಂದ. ಅಕ್ಕ ನಿಂತುಬಿಟ್ಟಳು. ಕೈ ಮುಗಿಯಲು ಎತ್ತಿದವಳು ಅರ್ಧಕ್ಕೇ ಇಳಿಸಿದಳು.

"ರತ್ನಿ, ಈ ಊರಲ್ಲಿ ಸೂರ್ಯ ಪಡುವಲಲ್ಲಿ ಉಟ್ತಾನೆ ಕಣೆ."

ನಗೆಯಾಡುತ್ತಿದ್ದಾಳೆಂದು ಮುಖ ನೋಡಿದೆ. ಇಲ್ಲ, ಹೆದರಿದ್ದಳು. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಬಾಡಿಗೆ ಇಳಿಸುವುದಿಲ್ಲ ಎಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಅದನ್ನು ನಿಜವೆಂದು ನಂಬಿ ಹೇಳುವವರನ್ನು ನೋಡಿದ್ದು ಅವತ್ತೇ ಮೊದಲು. ಕೈ ಹಿಡಿದು ಮನೆಗೆ ಕರೆದುಕೊಂಡು ಬಂದೆ. ಮಂಜುನಾಥನಿಗೆ ಏನು ಹೇಳಬೇಕು ಎಂಬುದು ನನ್ನೊಳಗೆ ಹೆಚ್ಚುಕಡಿಮೆ ಗಟ್ಟಿಯಾಯಿತು.

ಬಿಳಿ ಕೋಣೆ

ಭಾನುವಾರ ಸ್ವಾತಿ ನಮ್ಮನ್ನು ಒಂದು ವಿಜ್ಞಾನ ಸಂಗ್ರಹಾಲಯಕ್ಕೆ ಕರೆದೊಯ್ದಳು. ಅಲ್ಲೊಂದು ಆಟ. ಉದ್ದನೆಯ ಬಿಳಿ ಕೋಣೆ, ಎರಡು ಗೋಡೆ ಉದ್ದ, ಎರಡು ಗಿಡ್ಡ, ಕಿಟಕಿಯಿಲ್ಲ. ನಾಲ್ಕು ಮೂಲೆಗೂ ಒಂದೇ ಥರದ ಪರದೆ. ನಮ್ಮ ಕಣ್ಣೆದುರೇ ಒಂದು ಮೂಲೆಯ ಪರದೆಯ ಹಿಂದೆ ಗೊಂಬೆ ಇಡುತ್ತಾರೆ. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ಗಿರ್ರನೆ ತಿರುಗಿಸಿ ಬಿಡುತ್ತಾರೆ. ಬಟ್ಟೆ ಬಿಚ್ಚಿದ ಮೇಲೆ ಗೊಂಬೆ ಹುಡುಕಬೇಕು.

ನಾನು ನೇರವಾಗಿ ಹೋಗಿ ಪರದೆ ಎತ್ತಿದೆ. ಗೊಂಬೆ ಇರಲಿಲ್ಲ. ಓರೆಯಾಗಿ ಎದುರಿಗಿದ್ದ ಮೂಲೆಯಲ್ಲಿತ್ತು. ನೀವು ಆಮೇಲೆ ಜಾಗ ಬದಲಾಯಿಸಿದ್ದೀರಿ ಎಂದು ಅಲ್ಲಿದ್ದ ಹುಡುಗಿಗೆ ಹೇಳಿದೆ. ಎಲ್ಲರೂ ಹಾಗೇ ಅನ್ನುತ್ತಾರೆ ಎಂದು ಅವಳು ನಕ್ಕಳು. ಸರದಿಯಲ್ಲಿದ್ದ, ಇನ್ನೂ ಮಾತು ಬಾರದ ಒಂದು ಮಗುವೂ ಅದೇ ತಪ್ಪು ಮೂಲೆಗೆ ಹೋಯಿತು. ಅಕ್ಕನೂ ಅಲ್ಲಿಗೇ ಹೋದಳು.

ಹುಡುಗಿ ಹೇಳಿದ್ದನ್ನು ಸ್ವಾತಿ ಕನ್ನಡ ಮಾಡಿ ಹೇಳಿದಳು. ಕೋಣೆಯ ಆಕಾರ ಹಿಡಿಯುವ ಒಂದು ಶಕ್ತಿ ಹುಟ್ಟುತ್ತಲೇ ತಲೆಯಲ್ಲಿರುತ್ತದಂತೆ, ಯಾರೂ ಕಲಿಸಬೇಕಾಗಿಲ್ಲ, ಕೋಳಿಮರಿಗೂ ಇರುತ್ತದಂತೆ. ಉದ್ದ ಗೋಡೆ ಎಡಕ್ಕೆ, ಗಿಡ್ಡ ಗೋಡೆ ಬಲಕ್ಕೆ ಇರುವ ಮೂಲೆ ಎಂದು ಅದು ನೆನಪಿಟ್ಟುಕೊಳ್ಳುತ್ತದೆ. ಆದರೆ ಅಂಥ ಮೂಲೆ ಕೋಣೆಯಲ್ಲಿ ಎರಡಿವೆ, ಒಂದಕ್ಕೊಂದು ಪೂರ್ತಿ ಎದುರು. ಹಾಗಾಗಿ ತಪ್ಪಿದರೆ ಅರ್ಧ ಸುತ್ತು ತಪ್ಪುತ್ತೇವೆ, ಮಿಕ್ಕ ಎರಡು ಮೂಲೆಗೆ ಹೋಗುವುದು ಕಡಿಮೆ. ಇವೆಲ್ಲ ಟಿಕೆಟ್ ಕೊಂಡವರಿಗೆ ಬೇಜಾರಾಗದಿರಲಿ ಎಂದು ಹೇಳುವ ಮಾತು ಎಂದುಕೊಂಡೆ.

ಎರಡನೇ ಸಲ ಒಂದು ಗೋಡೆಗೆ ನೀಲಿ ಬಟ್ಟೆ ಇಳಿಬಿಟ್ಟರು. ಈಗ ಸುಲಭ. ಗೊಂಬೆ ನೀಲಿಯ ಎಡಕ್ಕೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ, ಸರಿಯಾದ ಮೂಲೆಗೇ ಹೋದೆ. ಅಕ್ಕ ತಿರುಗಿಸುವಾಗಲೂ ಬಿಡದೆ, ಆ ಹುಡುಗಿಗೆ ನುಗ್ಗೆಸೊಪ್ಪಿನ ಬಸ್ಸಾರು ಮಾಡುವುದನ್ನು ಕನ್ನಡದಲ್ಲೇ ವಿವರಿಸುತ್ತಿದ್ದಳು. ಬಟ್ಟೆ ಬಿಚ್ಚಿದ ಮೇಲೆ ಮತ್ತೆ ಎದುರಿನ ಮೂಲೆಗೇ ಹೋದಳು. ಬೇರೆ ಮಾತಿನಲ್ಲಿ ಮುಳುಗಿದ್ದರೆ ದೊಡ್ಡವರೂ ಹೀಗೇ ತಪ್ಪುತ್ತಾರೆ, ನೀಲಿಯ ಎಡಕ್ಕೆ ಅಂತ ಗಟ್ಟಿ ಮಾಡಿಕೊಳ್ಳಲು ಮಾತು ಬೇಕು, ಆ ಮಾತು ಬಸ್ಸಾರಿಗೆ ಖರ್ಚಾಗಿಹೋಗಿತ್ತು ಎಂದು ಹುಡುಗಿ ಅಂದಳಂತೆ. ನನಗೆ ಅದು ಕನಿಕರದ ಮಾತಿನಂತೆ ಕೇಳಿಸಿತು. ಕಣ್ಣೆದುರು ನೀಲಿ ಗೋಡೆ ಇದ್ದೂ ಅಕ್ಕನಿಗೆ ಕಾಣಲಿಲ್ಲವಲ್ಲ ಎಂದು ಸಂಕಟವಾಯಿತು.

ಬ್ರೋಕರ್ ಅಂಗಡಿಯ ಗಾಜು

ಹೊರಡುವ ಹಿಂದಿನ ದಿನ ತರಕಾರಿ ತರಲು ಸ್ವಾತಿಯ ಜೊತೆ ನಾನೊಬ್ಬಳೇ ಹೋಗಿದ್ದೆ. ದಾರಿಯಲ್ಲಿ ಮನೆ ಬಾಡಿಗೆಗೆ ಕೊಡಿಸುವವರ ಅಂಗಡಿ. ಗಾಜಿಗೆ ಮನೆಗಳ ಫೋಟೋ ಅಂಟಿಸಿದ್ದರು. ಚಿನ್ನದಂಗಡಿಯ ಮುಂದೆ ಬೇರೆಯವರು ನಿಲ್ಲುವಂತೆ ನಾನು ಅಂಥ ಕಡೆ ನಿಲ್ಲುತ್ತೇನೆ. ಒಂದೊಂದೇ ಓದಿದೆ. ಉತ್ತರಕ್ಕೆ ಮುಖ, ದಿನವಿಡೀ ಬಿಸಿಲು. ಮುಂದಿನದು, ಉತ್ತರಕ್ಕೆ ದೊಡ್ಡ ಕಿಟಕಿ, ಚಳಿಗಾಲದಲ್ಲೂ ಬೆಚ್ಚಗೆ. ಅದರ ಮುಂದಿನದೂ ಅದೇ.

ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಕು. ನಮ್ಮಲ್ಲೂ ಉತ್ತರದ ಬಾಗಿಲು ಬೇಡ ಅನ್ನುವುದಿಲ್ಲ, ಕುಬೇರನ ದಿಕ್ಕು ಎಂದು ಇಷ್ಟಪಡುವವರಿದ್ದಾರೆ. ಆದರೆ ಚಳಿಗಾಲದ ಬಿಸಿಲು? ನಮ್ಮ ಹಿಂಬದಿಯ ಬಾಡಿಗೆ ಮನೆಗಳ ಉತ್ತರದ ಕೋಣೆಗಳಲ್ಲಿ ಆ ದಿನಗಳಲ್ಲಿ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಸಲು ಹಿಡಿಯುತ್ತದೆ, ಬಾಡಿಗೆದಾರರು ನನ್ನ ತಲೆ ತಿನ್ನುತ್ತಾರೆ. ಈ ಊರಿನ ಬ್ರೋಕರುಗಳು ನಮ್ಮವರನ್ನೂ ಮೀರಿಸಿದ್ದಾರೆ ಎಂದು ಸ್ವಾತಿಗೆ ಹೇಳಿದೆ.

ಅವಳು ಸಹಜವಾಗಿ, "ಇಲ್ರಿ ಆಂಟಿ, ಖರೇನೇ ಅದು. ನಾವು ಭೂಮಿಯ ಕೆಳಗಿನ ಅರ್ಧದಾಗ ಇದ್ದೀವಲ್ರಿ, ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರ್ತಾನ" ಅಂದಳು.

ನಾನು ನಂಬಲಿಲ್ಲ. ಅವಳ ಫೋನಿನಲ್ಲಿ ದಿಕ್ಸೂಚಿ ತೆರೆಸಿದೆ. ಆಮೇಲೆ ನನ್ನ ಫೋನಿನಲ್ಲಿ ನೋಡಿದೆ. ಅಲ್ಲಿ ಕಾಗದ ಹಂಚುತ್ತಿದ್ದ ಅಂಚೆಯವನನ್ನು ಉತ್ತರ ಯಾವ ಕಡೆ ಎಂದು ಕೇಳಿದೆ. ಅವನು ಸೂರ್ಯನ ಕಡೆಗೇ ಕೈ ತೋರಿಸಿದ. ಮೂರೂ ಒಂದೇ ಹೇಳಿದ ಮೇಲೆ ನನಗೆ ಅನುಮಾನ ಪಡಲು ಉಳಿದದ್ದು ನಾನೊಬ್ಬಳೇ.

ಅಕ್ಕ ಬಿಸಿಲನ್ನು ಸರಿಯಾಗಿಯೇ ಓದಿದ್ದಳು. ವರ್ತೂರಿನ ಲೆಕ್ಕದಲ್ಲಿ ಓದಿದ್ದಳು, ಅಷ್ಟೇ. ಬಡಗಲನ್ನು ತೆಂಕಲು ಅಂದುಕೊಂಡ ಮೇಲೆ ಟ್ರಾಮು ಉಲ್ಟಾ ಹೋಗಲೇಬೇಕು, ಸೂರ್ಯ ಪಡುವಲಲ್ಲಿ ಹುಟ್ಟಲೇಬೇಕು. ಅರ್ಧ ಸುತ್ತು, ಬಿಳಿ ಕೋಣೆಯ ಎದುರು ಮೂಲೆಯ ಹಾಗೆ. ಅದನ್ನು ನಾನು ಹುಚ್ಚು ಅಂದುಕೊಂಡು ತೀರ್ಪು ಬರೆದಿಟ್ಟಿದ್ದೆ.

ಸ್ವಾತಿಯ ಮನೆ, ಸಂಜೆ

ಅಕ್ಕನಿಗೆ ಹೇಳಿದೆ. ಅವಳು ಮೊದಲು ಕೇಳಿದ್ದು ಮಂಚದ ವಿಷಯ. ಅಂದರೆ ಇಷ್ಟು ದಿನ ನಾವು ಬಡಗಲಿಗೆ ತಲೆ ಹಾಕಿ, ಹೆಣಗಳ ಹಾಗೆ ಮಲಗಿದ್ದೆವಾ? ಹೌದು ಎಂದೆ. ಇಬ್ಬರೂ ಎದ್ದು ಮತ್ತೆ ಮಂಚ ಎಳೆದೆವು. ಎಳೆಯುತ್ತ ಅಕ್ಕನಿಗೆ ನಗು ಬಂತು, ನನಗೂ ಬಂತು, ಸ್ವಾತಿ ಬಂದು ನೋಡಿ ಅವಳೂ ನಕ್ಕಳು. ಈ ಹುಡುಗಿಗೆ ನನ್ನಿಂದ ಏನೂ ಬೇಕಾಗಿಲ್ಲ ಎಂದು ನನಗೆ ಆ ಹೊತ್ತಿನಲ್ಲಿ ಅನ್ನಿಸಿತು.

ಆಮೇಲೆ ಅಕ್ಕ ಹಾಸಿಗೆಯ ಮೇಲೆ ಕೂತಳು. ನಾನು, ಗುಂಜೂರಿಗೆ ಹೋದ ದಿನ ಎಲ್ಲಿ ತಪ್ಪಿತು ಅಕ್ಕಾ ಎಂದು ಕೇಳಿದೆ.

"ಇವತ್ತು ಕೇಳ್ತಿದ್ದೀಯ ನೋಡು," ಅಂದಳು. "ತಪ್ಪುದ್ಲು, ತಪ್ಪುದ್ಲು ಅಂತ ಊರೆಲ್ಲ ಯೋಳುದ್ರಿ. ಎಲ್ಲಿ ತಪ್ತು ಅಂತ ಒಬ್ರೂ ಕೇಳ್ಲಿಲ್ಲ."

ಹೇಳಿದಳು. ಕೆರೆಯ ಪಕ್ಕ ಎದ್ದಿರುವ ಹೊಸ ಅಪಾರ್ಟ್‌ಮೆಂಟು ಉದ್ದನೆಯ ಪೆಟ್ಟಿಗೆಯ ಹಾಗಿದೆ. ಎರಡು ತುದಿಗೂ ಒಂದೊಂದು ಗೇಟು, ಎರಡೂ ಒಂದೇ ಅಚ್ಚು, ಅದೇ ಬಣ್ಣ, ಅದೇ ಕಮಾನು. ಅವತ್ತು ಮೊದಲ ಸಲ ಗಾಡಿಯನ್ನು ನೆಲಮಾಳಿಗೆಗೆ ಇಳಿಸಲು ಹೇಳಿದ್ದಾರೆ. ಸೊಪ್ಪು ಕೊಟ್ಟು, ಲಿಫ್ಟಿನಲ್ಲಿ ಇಳಿದು, ಬಿಸಿಲೇ ಕಾಣದ ಆ ಮಾಳಿಗೆಯಲ್ಲಿ ಎರಡು ಸುತ್ತು ತಿರುಗಿ, ಯಾರ ಜೊತೆಗೋ ಫೋನಿನ ಚಾರ್ಜು ಮುಗಿಯುವ ತನಕ ಮಾತಾಡುತ್ತ ಹೊರಗೆ ಬಂದಿದ್ದಾಳೆ. ಬಂದದ್ದು ಎದುರಿನ ಗೇಟಿನಿಂದ. ಎಂದಿನಂತೆ ಎಡಕ್ಕೆ ತಿರುಗಿದ್ದಾಳೆ. ಆ ಕಡೆಯಿಂದ ಎಡಕ್ಕೆ ತಿರುಗಿದರೆ ವರ್ತೂರು ಸಿಗುವುದಿಲ್ಲ, ಗುಂಜೂರು ಸಿಗುತ್ತದೆ. ಅಕ್ಕಪಕ್ಕ ಹೊಲವಿದ್ದಾಗ ಕೆರೆ ಕಾಣುತ್ತಿತ್ತು, ಈಗ ಗೋಡೆ ಬಿಟ್ಟರೆ ಏನೂ ಕಾಣುವುದಿಲ್ಲ.

ನಾನು ಬ್ಯಾಗು ಎಳೆದುಕೊಂಡೆ. ಅಕ್ಕ ನನ್ನ ಕೈ ನೋಡುತ್ತ, "ಕೀಲಿ ಒಳಜೇಬಲ್ಲಿ ಐತೆ," ಅಂದಳು. "ನಮ್ಮೂರಲ್ಲಿ ತಟ್ಟೆಗೆ ಆಕ್ದಾಗ್ಲೇ ನೋಡ್ದೆ. ನೀನು ದಿನಾ ಮುಟ್ಟಿ ನೋಡ್ಕೊಳ್ಳೋದೂ ನೋಡ್ತಿದ್ದೆ."

ಅಂದರೆ ಮೊದಲ ದಿನದಿಂದಲೂ ಅವಳಿಗೆ ಗೊತ್ತಿತ್ತು, ತಾನು ಪರೀಕ್ಷೆಗೆ ಕೂತಿದ್ದೇನೆ ಎಂದು. ಟ್ರಾಮಿನಲ್ಲಿ ಹುಬ್ಬು ಗಂಟಿಕ್ಕಿದ್ದು, ಹೊಳೆ ದಂಡೆಯಲ್ಲಿ ಹೆದರಿದ್ದು, ಎಲ್ಲ ಅದಕ್ಕೇ. ನನಗೆ ಬಹಳ ನಾಚಿಕೆಯಾಯಿತು. ಯಾಕೆ ಕೇಳಲಿಲ್ಲ ಎಂದು ಮೆತ್ತಗೆ ಕೇಳಿದೆ.

"ನನ್ ಮ್ಯಾಲೆ ನನಗೂ ಅನ್ಮಾನ ಇತ್ತಲ್ಲೇ ರತ್ನಿ," ಅಂದಳು ಅಕ್ಕ.

ಮತ್ತೆ ವರ್ತೂರು

ಬಂದ ಮೇಲೆ ಮಂಜುನಾಥನಿಗೆ ನಡೆದದ್ದೆಲ್ಲ ಹೇಳಿದೆ. ಅವನು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ, ಆದರೆ ಮಾತು ಕೊಟ್ಟಿದ್ದ. ನಿಜ ಹೇಳಬೇಕೆಂದರೆ ನಾನೂ ಪೂರ್ತಿ ಒಪ್ಪಿರಲಿಲ್ಲ. ಅನುಮಾನ ನನ್ನ ಹುಟ್ಟುಗುಣ, ಒಂದು ಪ್ರವಾಸಕ್ಕೆ ಹೋಗುವಂಥದ್ದಲ್ಲ. ಹಾಗಾಗಿ ಕೀಲಿ ಕೊಟ್ಟ ಬೆಳಗ್ಗೆಯೇ, ಸೊಪ್ಪಿನ ಕಟ್ಟು ಹಿಡಿದುಕೊಳ್ಳುವ ನೆಪದಲ್ಲಿ ಅಕ್ಕನ ಹಿಂದೆ ಕೂತೆ. ಅಕ್ಕ ನನ್ನನ್ನೊಮ್ಮೆ ನೋಡಿ ನಕ್ಕು ಗಾಡಿ ಬಿಟ್ಟಳು.

ಅದೇ ಅಪಾರ್ಟ್‌ಮೆಂಟು. ನೆಲಮಾಳಿಗೆಗೆ ಇಳಿಯುವ ಮುಂಚೆ ಅಕ್ಕ ಗೇಟಿನ ಬಳಿ ಗಾಡಿ ನಿಧಾನ ಮಾಡಿ ಬಾಯಲ್ಲೇ ಏನೋ ಅಂದುಕೊಂಡಳು. ಬಗ್ಗಿ ಕೇಳಿದೆ. "ನೀಲಿ ಡ್ರಮ್ಮು, ಕೆರೆ ಕಡೆ ಗೇಟು. ನೀಲಿ ಡ್ರಮ್ಮು, ಕೆರೆ ಕಡೆ ಗೇಟು." ಕಾವಲುಗಾರನ ಕೋಣೆಯ ಪಕ್ಕ ನೀರು ತುಂಬುವ ನೀಲಿ ಡ್ರಮ್ಮೊಂದು ನಿಂತಿತ್ತು.

ಸೊಪ್ಪು ಕೊಟ್ಟು ಲಿಫ್ಟಿನಲ್ಲಿ ಇಳಿದೆವು. ಮಾಳಿಗೆಯಲ್ಲಿ ಎಲ್ಲ ಕಂಬವೂ ಒಂದೇ, ಎಲ್ಲ ಕಾರೂ ಒಂದೇ. ಗಾಡಿಯ ಹತ್ತಿರ ಬರುವಷ್ಟರಲ್ಲಿ ನನಗೆ ದಾರಿ ಸ್ಪಷ್ಟವಾಗಿತ್ತು, ನಾವು ಬಂದದ್ದು ಬಲಗಡೆಯ ಇಳಿಜಾರಿನಿಂದ. ಅಕ್ಕ ಗಾಡಿಯನ್ನು ಎಡಗಡೆಗೆ ತಿರುಗಿಸಿದಳು. ನಾನು ಅವಳ ಭುಜ ಮುಟ್ಟಿ ಬಾಯಿ ತೆರೆದೆ.

"ಒಸಿ ಸುಮ್ಕಿರು," ಅಂದಳು. "ಮಾತಾಡುದ್ರೆ ತಪ್ಪೋಯ್ತದೆ."

ಬಾಯಿ ಮುಚ್ಚಿಕೊಂಡೆ. ಇಳಿಜಾರು ಹತ್ತಿದೆವು. ಗೇಟಿನಲ್ಲಿ ಒಂದು ಟ್ಯಾಂಕರು ಅಡ್ಡ ನಿಂತು ನೀರು ಬಿಡುತ್ತಿತ್ತು, ಹಿಂದೆ ಡ್ರಮ್ಮಿದೆಯೋ ಇಲ್ಲವೋ ನನಗೆ ಕಾಣಲಿಲ್ಲ. ಅಕ್ಕ ಕತ್ತು ಚಾಚಿ ನೋಡಿದಳು, ನಿಲ್ಲಿಸಲಿಲ್ಲ. ಟ್ಯಾಂಕರಿನ ಸಂದಿಯಲ್ಲಿ ತೂರಿ ಹೊರಬಂದು ಎಡಕ್ಕೆ ತಿರುಗಿದಳು. ನನ್ನ ಮೈಯೆಲ್ಲ ಇದು ಗುಂಜೂರಿನ ದಾರಿ, ಗುಂಜೂರಿನ ದಾರಿ ಎಂದು ಹೇಳುತ್ತಿತ್ತು. ಎರಡೂ ಕಡೆ ಎತ್ತರದ ಗೋಡೆ. ಮಂಜುನಾಥನಿಗೆ ಏನು ಹೇಳುವುದು ಎಂದು ಯೋಚಿಸುತ್ತ, ಅಕ್ಕನ ಸೆರಗು ಹಿಡಿದುಕೊಂಡು, ಹಲ್ಲು ಕಚ್ಚಿ ಕೂತಿದ್ದೆ.

ಗೋಡೆ ಮುಗಿಯುವ ತಿರುವಿನಲ್ಲಿ ಗಾಳಿ ಬೀಸಿತು. ಗುಂಜೂರಿನ ದಾರಿಯಲ್ಲಿ ಸಿಗದ ನಮ್ಮ ಕೆರೆಯ ನಾತ ಮೂಗಿಗೆ ಬಡಿಯಿತು. ಆ ನಾತಕ್ಕೆ ಎಷ್ಟು ಮನೆ ಖಾಲಿಯಾಗಿವೆ, ಎಷ್ಟು ಸಲ ನಾನು ಮೂಗು ಮುಚ್ಚಿಕೊಂಡು ಎಲ್ಲರನ್ನೂ ಬೈದಿದ್ದೇನೆ. ಅವತ್ತು ಅಕ್ಕನ ಬೆನ್ನ ಹಿಂದೆ ಕೂತು, ಅದನ್ನು ಎದೆತುಂಬ ಎಳೆದುಕೊಂಡೆ.